ಅರ್ಧಕ್ಕೇ ಎದ್ದು ಬರಬಹುದಾದ ತಿರುಗಾಟಗಳು

ಹದಿಮೂರು ವರ್ಷ ಅನ್ನೋದು ಎತ್ತಲೂ ಸಲ್ಲದ ವಯಸ್ಸು. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲು ಹತ್ತೋಣವಾ ಅಂದರೆ ಮಗಳು ನನ್ನನ್ನೇ ಅನುಮಾನದಿಂದ ನೋಡುತ್ತಾಳೆ. "ಅಪ್ಪಾ, ಅದು ಚಿಕ್ಕ ಮಕ್ಕಳಿಗೆ." ಸರಿ, ದೊಡ್ಡವರು ಹೋಗುವ ಕಡೆ ಹೋಗೋಣ ಅಂದರೆ ಅಲ್ಲಿ ಅರ್ಧ ಗಂಟೆಗೇ ಬೇಜಾರು. ಮನೆಯಲ್ಲೇ ಇರು ಅಂದರೆ ಅದಕ್ಕೂ ಬೇಜಾರು. ಕೊನೆಗೆ ಉಳಿಯುವುದು ಮಾಲ್.

ಮಾಲಿಗೆ ಹೋಗಬೇಡಿ ಅಂತ ಉಪದೇಶ ಮಾಡೋಕೆ ನಾನು ಬಂದಿಲ್ಲ. ನಾವೂ ಹೋಗುತ್ತೇವೆ, ಬೇಸಿಗೆಯಲ್ಲಂತೂ ಎಸಿ ಗಾಳಿಗೋಸ್ಕರವೇ ಹೋಗುತ್ತೇವೆ. ಆದರೆ ಲೆಕ್ಕ ನೋಡಿ. ಇಬ್ಬರಿಗೆ ಸಿನಿಮಾ ಟಿಕೆಟ್, ಪಾಪ್‌ಕಾರ್ನ್, ಗೇಮ್ ಝೋನಿನ ಕಾರ್ಡಿಗೆ ಹಾಕಿಸುವ ದುಡ್ಡು, ಊಟ, ಪಾರ್ಕಿಂಗ್. ಎರಡು ಸಾವಿರ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲ್ಲ. ಅದು ಹೋಗಲಿ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಅಷ್ಟು ಖರ್ಚು ಮಾಡಿದ ಮೇಲೆ ನಮ್ಮ ಕಣ್ಣು ಮಗುವಿನ ಮುಖದ ಮೇಲೇ ಇರುತ್ತದೆ. ನಗುತ್ತಿದೆಯಾ? ಖುಷಿಯಾಗಿದೆಯಾ? ಯಾಕೆ ಸುಮ್ಮನಿದೆ? ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತದೆ. ಖುಷಿ ಪಡುವುದು ಅವರ ಡ್ಯೂಟಿ ಆಗಿಬಿಡುತ್ತದೆ. ಚಿಕ್ಕ ಮಕ್ಕಳು ಆ ಡ್ಯೂಟಿಯನ್ನು ಹೇಗೋ ಮಾಡಿಬಿಡುತ್ತಾರೆ. ಹದಿಮೂರರವರು ಮಾಡುವುದಿಲ್ಲ. ಮುಖ ಗಂಟು ಹಾಕಿಕೊಂಡು ಫೋನ್ ತೆಗೆಯುತ್ತಾರೆ. ನಾವು "ಇಷ್ಟು ದುಡ್ಡು ಕೊಟ್ಟು ಕರೆದುಕೊಂಡು ಬಂದರೆ..." ಅಂತ ಶುರು ಮಾಡುತ್ತೇವೆ. ಮುಂದಿನದು ಎಲ್ಲರ ಮನೆಯಲ್ಲೂ ಒಂದೇ.

ಕಡಿಮೆ ದುಡ್ಡಿನ ತಿರುಗಾಟದ ನಿಜವಾದ ಲಾಭ ಉಳಿತಾಯ ಅಲ್ಲ ಅಂತ ನನಗೆ ಅನ್ನಿಸುವುದು ಇದಕ್ಕೇ. ಇಪ್ಪತ್ತು ರೂಪಾಯಿ ಟಿಕೆಟ್ಟಿನ ಜಾಗದಿಂದ ಹತ್ತೇ ನಿಮಿಷಕ್ಕೆ ಎದ್ದು ಬಂದರೂ ಯಾರಪ್ಪನ ಗಂಟೂ ಹೋಗುವುದಿಲ್ಲ. "ಸಾಕು" ಅನ್ನುವ ಹಕ್ಕು ಮಗುವಿಗೆ ಸಿಗುತ್ತದೆ. ಆ ಹಕ್ಕು ಕೈಯಲ್ಲಿದ್ದರೆ ಅವರು ಅದನ್ನು ಬಳಸುವುದೇ ಕಡಿಮೆ. ಇದು ನಾನು ಮಗಳನ್ನು ನೋಡಿಯೇ ಕಲಿತದ್ದು.

ಹಾಗಾಗಿ ನಮ್ಮಲ್ಲಿ ಎರಡು ನಿಯಮ ಇವೆ. ಅವಳು ಸಾಕು ಅಂದರೆ ಸಾಕು, ಯಾಕೆ ಅಂತ ಕೇಳುವ ಹಾಗಿಲ್ಲ. ಮತ್ತೆ, ಆ ದಿನದ ದುಡ್ಡು ಅವಳ ಕೈಯಲ್ಲಿ. ಬೆಳಿಗ್ಗೆ ಮೂರು ನೂರು ಕೊಡುತ್ತೇನೆ. ಬಸ್ಸು, ಟಿಕೆಟ್, ತಿಂಡಿ, ಎಲ್ಲ ಅದರಲ್ಲೇ. ಉಳಿದದ್ದು ಅವಳದ್ದು. ಈ ಎರಡನೇ ನಿಯಮದಿಂದ ನನಗೆ ಸ್ವಲ್ಪ ನಷ್ಟವೇ ಆಗಿದೆ. ಖಜಾಂಚಿ ಮಹಾ ಜುಗ್ಗಿ. ಮಾಲಿನಲ್ಲಿ ಐಸ್‌ಕ್ರೀಮಿನ ಮೇಲೆ ಇನ್ನೊಂದು ಸ್ಕೂಪ್ ಹಾಕಿಸುವ ಅದೇ ಹುಡುಗಿ ಇಲ್ಲಿ ನನ್ನ ಕಾಫಿಯನ್ನು ಬೈಟು ಮಾಡಿಸಿ, ತನ್ನ ಅರ್ಧ ಲೋಟ ಇಷ್ಟವಿಲ್ಲದಿದ್ದರೂ ಕುಡಿಯುತ್ತಾಳೆ.

ನಾವು ಬೆಂಗಳೂರಿನವರು, ಆದ್ದರಿಂದ ಹೇಳುವುದೆಲ್ಲ ಬೆಂಗಳೂರಿನ ಮಾತು.

ತಿರುಗಾಟ ಬಿಎಂಟಿಸಿ ಬಸ್ಸಿನಿಂದಲೇ ಶುರು. ಬಸ್ಸು ಬರೀ ಹೋಗುವ ದಾರಿ ಅಲ್ಲ, ಅದೇ ಅರ್ಧ ಔಟಿಂಗ್. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಅವಳಿಗೆ ದುಡ್ಡು ಕೊಡುವ ಮಾತಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ನನಗೆ ದಿನದ ಪಾಸು, 2025ರ ಜನವರಿಯಲ್ಲಿ ದರ ಏರಿದ ಮೇಲೆ 80 ರೂಪಾಯಿ. ಖಜಾಂಚಿಗೆ ಇದರ ಮೇಲೆ ಸಿಟ್ಟು. "ಇರೋ ಮೂರು ನೂರಲ್ಲಿ ಜಾಸ್ತಿ ಖರ್ಚು ನಿಂದೇ ಅಪ್ಪಾ. ನಾನೂ ಅಮ್ಮನೂ ಹೋದ್ರೆ ಪುಕ್ಕಟೆ." ಅವಳೂ ಅವರಮ್ಮನೂ ಹೋಗುವುದೂ ಉಂಟು. ಅದು ಗಾಂಧಿಬಜಾರು, ಮಲ್ಲೇಶ್ವರ ಎಂಟನೇ ಕ್ರಾಸ್ ಕಡೆಯ ಬೇರೆಯದೇ ಪ್ರಪಂಚ. ಅದರ ಬಗ್ಗೆ ಬರೆಯಲು ನನಗೆ ಅನುಮತಿ ಇಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಖಾಲಿ ಇರುತ್ತದೆ. ಹಿಂದುಗಡೆ ಇಬ್ಬರು ಕೂರುವ ಸೀಟು ಸಿಗುತ್ತದೆ. ಕಿಟಕಿ ಅವಳದ್ದು. ಮನೆಯಲ್ಲಿ ಊಟಕ್ಕೆ ಎದುರುಬದುರು ಕೂತು "ಸ್ಕೂಲಲ್ಲಿ ಏನಾಯ್ತು ಇವತ್ತು?" ಅಂತ ಕೇಳಿದರೆ ಉತ್ತರ ಗೊತ್ತೇ ಇದೆ, "ಏನಿಲ್ಲ." ಬಸ್ಸಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಇಬ್ಬರ ಕಣ್ಣೂ ಹೊರಗೆ. ಯಾವುದೋ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ನಾನು ಏನೂ ಕೇಳದೆ ಇರುವಾಗ, ಕಿಟಕಿಗೆ ಹೇಳುವ ಹಾಗೆ ಅವಳು ಹೇಳುತ್ತಾಳೆ. ಬೆಂಚಿನ ಪಕ್ಕದವಳು ಮಾತು ಬಿಟ್ಟಿದ್ದಾಳೆ. ಗಣಿತದ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಾನು ತಲೆ ತಿರುಗಿಸುವುದಿಲ್ಲ. ತಿರುಗಿಸಿದರೆ ಮಾತು ನಿಲ್ಲುತ್ತದೆ ಅಂತ ಗೊತ್ತು. "ಹೂಂ" ಅಂದರೆ ಸಾಕು. ಬೆಂಗಳೂರಿನ ಟ್ರಾಫಿಕ್ಕಿಗೆ ಬೈಯದವರು ಯಾರಿದ್ದಾರೆ? ನಾನೂ ಬೈಯುತ್ತೇನೆ. ಆದರೂ ರಿಂಗ್ ರೋಡಿನ 500ಡಿ ಬಸ್ಸು ಹೆಬ್ಬಾಳದ ಕಡೆಗೆ ತೆವಳುತ್ತಿರುವಾಗ ಕೇಳಿಸಿಕೊಂಡಷ್ಟು ಸುದ್ದಿ ನನಗೆ ಯಾವ ಪೇರೆಂಟ್ಸ್ ಮೀಟಿಂಗಿನಲ್ಲೂ ಸಿಕ್ಕಿಲ್ಲ.

ಮೆಟ್ರೋ ಬೇರೆ ಥರ. ಅಲ್ಲಿ ಮಾತಿಗಿಂತ ನೋಟ ಜಾಸ್ತಿ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದಲ್ಲಿ ರಾಗಿಗುಡ್ಡ ದಾಟಿ ಸಿಲ್ಕ್ ಬೋರ್ಡ್ ಕಡೆ ಹೋಗುವಾಗ ಒಂದು ಮಜಾ ಇದೆ. ನೆಲದ ಮೇಲೆ ಒಂದು ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ನಮ್ಮ ರೈಲು. ಕೆಳಗೆ ನಿಂತ ಕಾರುಗಳನ್ನು ನೋಡುತ್ತಾ ಮೇಲೆ ಜಾರಿಕೊಂಡು ಹೋಗುವ ಸುಖಕ್ಕೆ ಮಕ್ಕಳು ದೊಡ್ಡವರು ಅಂತ ಭೇದ ಇಲ್ಲ. ಆದರೆ 2025ರ ದರ ಏರಿಕೆಯ ನಂತರ ಮೆಟ್ರೋ ಅಗ್ಗ ಅಂತ ಹೇಳುವ ಹಾಗಿಲ್ಲ. ದೂರದ ಪ್ರಯಾಣಕ್ಕೆ ಒಬ್ಬರಿಗೆ 90 ರೂಪಾಯಿವರೆಗೂ ಆಗುತ್ತದೆ. ಖಜಾಂಚಿ ಒಪ್ಪುವುದು ಹೋಗುವಾಗಲೋ ಬರುವಾಗಲೋ ಒಂದು ಸಲಕ್ಕೆ ಮಾತ್ರ.

ಈಗ ಕಾಳಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯೋಣ ಅನ್ನಿಸಿದ್ದೇ ಅವಳಿಂದ.

ಕಸ್ತೂರಬಾ ರಸ್ತೆಯಲ್ಲಿ ಕೆಂಪು ಬಣ್ಣದ ಹಳೇ ಕಟ್ಟಡ ಇದೆಯಲ್ಲ, ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಶುರುವಾದದ್ದು. ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಸ್ಕೂಲ್ ಬಸ್ಸುಗಳ ಸಾಲೇ ಇರುತ್ತದೆ. ಇಲ್ಲಿ ಅಷ್ಟು ಜನ ಇರುವುದಿಲ್ಲ. ಸೋಮವಾರ ರಜೆ. ಹಳೇ ಕಟ್ಟಡ ಆದ್ದರಿಂದ ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮಗಳಿಗೆ ವಿಜ್ಞಾನದ ಮ್ಯೂಸಿಯಂ ಆಗಲೇ ಸ್ಕೂಲಿನಿಂದ ಆಗಿತ್ತು, "ಇನ್ನೊಂದ್ಸಲ ಬೇಡ" ಅಂದಿದ್ದಳು. ಹಾಗಾಗಿ ಈ ಕಡೆ ಬಂದೆವು. ಒಳಗೆ ವಿಗ್ರಹ, ನಾಣ್ಯ, ಮಡಕೆ ಚೂರುಗಳ ಮುಂದೆ ಅವಳು ನಿಲ್ಲಲೇ ಇಲ್ಲ. ಸಾಕು ಅನ್ನುವ ಮಾತು ಬಾಯಿಗೆ ಬಂದಿತ್ತು ಅಂತ ಕಾಣುತ್ತದೆ. ಆಗ ಒಂದು ಕಲ್ಲಿನ ಮುಂದೆ ನಿಂತಳು.

ಆತಕೂರು ಶಾಸನ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲು, ಕ್ರಿ.ಶ. 949-50ರದ್ದು. ಅದರಲ್ಲಿ ಒಂದು ನಾಯಿಯೂ ಒಂದು ಹಂದಿಯೂ ಕಾದಾಡುತ್ತಿರುವ ಕೆತ್ತನೆ ಇದೆ. ಸುತ್ತ ಹಳಗನ್ನಡದ ಅಕ್ಷರಗಳು. "ನಾಯಿಗೆ ಯಾಕಪ್ಪಾ ಕಲ್ಲು ನೆಟ್ಟಿದಾರೆ?" ಅಂತ ಕೇಳಿದಳು. ನನಗೆ ಗೊತ್ತಿದ್ದಷ್ಟು ಹೇಳಿದೆ, ಉಳಿದದ್ದು ಅಲ್ಲೇ ನಿಂತು ಫೋನಿನಲ್ಲಿ ಓದಿದೆವು.

ಕಥೆ ಹೀಗೆ. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದರು. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಾಡಿದ. ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಊರಲ್ಲ, ಚಿನ್ನವಲ್ಲ. ಕಾಳಿ ಅನ್ನುವ ಬೇಟೆನಾಯಿ. ಆಮೇಲೆ ಬೆಳತೂರಿನ ಹತ್ತಿರದ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಳು. ಮಣಲೇರ ಅವಳ ನೆನಪಿಗೆ ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಿಸಿದ. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಅವನಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ.

ನಮ್ಮ ಬೀದಿಯಲ್ಲಿ ಒಂದು ಕಂದು ನಾಯಿ ಇದೆ. ಮಗಳು ದಿನಾ ಬಿಸ್ಕತ್ತು ಹಾಕುತ್ತಾಳೆ. ಅದರ ವಿಷಯಕ್ಕೆ ಅಪಾರ್ಟ್‌ಮೆಂಟಿನವರ ಜೊತೆ ಅವಳ ಜಗಳ ನಡೆಯುತ್ತಲೇ ಇರುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಯೋಧ ರಾಜನ ಹತ್ತಿರ ನಾಯಿ ಕೇಳಿದ, ಅದು ಸತ್ತಾಗ ಅತ್ತು ಕಲ್ಲು ಹಾಕಿಸಿದ ಅನ್ನುವುದು ಅವಳಿಗೆ ಎಷ್ಟು ನಾಟಿತು ಅಂದರೆ, ಅಲ್ಲಿಂದ ಕದಲಲೇ ಇಲ್ಲ. ಅತ್ತ ಅಂತ ಕಲ್ಲಿನಲ್ಲಿ ಇಲ್ಲ ಕಣೇ ಅಂದೆ. "ಅಳದೆ ಇರ್ತಾನಾ?" ಅಂದಳು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಕೆತ್ತನೆಯ ಚಿತ್ರ ಬಿಡಿಸಿಕೊಂಡಳು. ಅಕ್ಷರಗಳಲ್ಲಿ ಯಾವುದಾದರೂ ಓದಲು ಬರುತ್ತದಾ ಅಂತ ಬೆರಳು ತಾಗಿಸದೆ ಗಾಳಿಯಲ್ಲೇ ಗೀಚಿ ನೋಡಿದಳು. ಆ ದಿನ ಸಾಕು ಅಂತ ಹೇಳಿದವನು ನಾನು. ಕಾಲು ನೋಯುತ್ತಿತ್ತು.

ಅಲ್ಲಿಂದ ಕಲ್ಲುಗಳ ಹುಚ್ಚು ಹಿಡಿಯಿತು. ಅವಳಿಗೆ ಹಿಡಿದದ್ದು ನನಗೂ ಅಂಟಿತು. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದೆವು. ಅಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ 'ಬೆಂಗಳೂರು ಕಾಳಗ'ದ ಮಾತು ಬರುತ್ತದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೂ ಆರು ನೂರು ವರ್ಷಕ್ಕಿಂತ ಮುಂಚೆ ಈ ಹೆಸರಿನ ಊರು ಇತ್ತು, ಅಲ್ಲಿ ಜಗಳವೂ ಆಗಿತ್ತು ಅನ್ನುವುದು ಅವಳಿಗೆ ಭಾರಿ ಖುಷಿ ಕೊಟ್ಟಿತು. ಬೆಂದ ಕಾಳಿನಿಂದ ಊರಿಗೆ ಬೆಂಗಳೂರು ಅಂತ ಹೆಸರು ಬಂತು ಅಂತ ಅಜ್ಜಿ ಹೇಳುತ್ತಿದ್ದ ಕಥೆಯನ್ನು ಅದೇ ದಿನ ಸಂಜೆ ಅಜ್ಜಿಯ ಎದುರಿಗೇ ತಳ್ಳಿಹಾಕಿದಳು. ಅಜ್ಜಿ ಸೋಲಲಿಲ್ಲ. "ಕಲ್ಲಲ್ಲಿ ಬರೆದದ್ದೆಲ್ಲ ನಿಜಾನಾ?" ಅಂತ ಮರುಪ್ರಶ್ನೆ ಹಾಕಿದರು. ಇತಿಹಾಸ ಓದುವವರು ಕೇಳಬೇಕಾದ ಪ್ರಶ್ನೆಯೇ ಅದು. ಹೆಬ್ಬಾಳದಲ್ಲಿ ಇದಕ್ಕಿಂತ ಹಳೆಯ ಶಾಸನ ಸಿಕ್ಕಿದೆ, ಸುಮಾರು 750ರ ಕಾಲದ್ದು, ಕಿತ್ತಯ್ಯ ಅನ್ನುವವನದು. ಬೆಂಗಳೂರಿನ ತುಂಬ ಇಂಥ ಕಲ್ಲುಗಳಿವೆ. ಕೆಲವು ದೇವಸ್ಥಾನದ ಗೋಡೆಗೆ ಒರಗಿವೆ, ಕೆಲವು ಮೋರಿಯ ಪಕ್ಕದಲ್ಲಿ. ಇವನ್ನು ಹುಡುಕಿಕೊಂಡು ಹೋಗುವುದಕ್ಕೆ ಟಿಕೆಟ್ ಇಲ್ಲ, ಗೇಟಿಲ್ಲ, ಹೊತ್ತಿಲ್ಲ. ದೇವಸ್ಥಾನದಲ್ಲಿರುವುದಾದರೆ ಮಾತ್ರ ಪೂಜೆಯ ಸಮಯ ನೋಡಿಕೊಂಡು ಹೋದರೆ ಆಯಿತು.

ಮಕ್ಕಳ ಆಸಕ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಮೊದಲೇ ಹೇಳೋಕೆ ಆಗಲ್ಲ. ಅದಕ್ಕೇ ಪ್ಲಾನ್ ಜಾಸ್ತಿ ಬಿಗಿ ಇರಬಾರದು. ಒಂದೇ ದಿನಕ್ಕೆ ನಾಲ್ಕು ಜಾಗ ಇಟ್ಟುಕೊಂಡು ಹೊರಟರೆ ನಾಯಿಯ ಕಲ್ಲಿನ ಮುಂದೆ ಒಂದು ಗಂಟೆ ನಿಲ್ಲಲು ಆಗುವುದಿಲ್ಲ.

ಕೆ.ಆರ್. ಮಾರ್ಕೆಟ್ ಕಡೆಯ ತಿರುಗಾಟ ಇದರ ಪೂರ್ತಿ ಉಲ್ಟಾ. ಅಲ್ಲಿ ನಿಲ್ಲುವುದೇ ಕಷ್ಟ. ಬೆಳಗಿನ ಜಾವ ಹೂವಿನ ಮಾರುಕಟ್ಟೆ ನೋಡಬೇಕಾದರೆ ಆರು ಗಂಟೆಗೆಲ್ಲ ಅಲ್ಲಿರಬೇಕು. ಹದಿಮೂರರವರನ್ನು ರಜೆಯ ದಿನ ಐದಕ್ಕೆ ಎಬ್ಬಿಸುವುದು ಹೇಗೆ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಉಪಾಯ ಇದೆ, ಕ್ಯಾಮೆರಾ. ನನ್ನ ಹಳೇ ಕ್ಯಾಮೆರಾ ಅವಳಿಗೆ ಕೊಟ್ಟೆ. ಮೊದಲ ಮಹಡಿಗೆ ಹತ್ತಿ ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂವು, ಗುಲಾಬಿ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತವೆ. ನಡುವೆ ತಲೆ ಮೇಲೆ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಕೂಗಿಕೊಂಡು ನುಗ್ಗುತ್ತಾರೆ. ಕೆಳಗೆ ಇಳಿದ ಮೇಲೆ ಒಂದು ಮಾತು ನೆನಪಿರಲಿ, ಅದು ದುಡಿಯುವವರ ಜಾಗ. ಫೋಟೋಗೋಸ್ಕರ ದಾರಿಗೆ ಅಡ್ಡ ನಿಂತರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು. ಮಗಳು ಅಲ್ಲಿ ಒಂದು ಮಾರು ಕನಕಾಂಬರ ತೆಗೆದುಕೊಂಡಳು, ಅಜ್ಜಿಗೆ. ಹೂವಾಡಗಿತ್ತಿಯ ಕೈಯಿಂದ ಕೈಗೆ ಅಳೆಯುವ ಮಾರಿಗೂ ತನ್ನ ಪುಟ್ಟ ಕೈಯ ಮಾರಿಗೂ ವ್ಯತ್ಯಾಸ ಹಾಕಿ, ತಾನು ಮಾರುವವಳಾದರೆ ಲಾಭ ಜಾಸ್ತಿ ಅಂತ ಲೆಕ್ಕ ಮಾಡಿದಳು.

ಮಾರ್ಕೆಟ್ಟಿನ ಪಕ್ಕದಲ್ಲೇ ಕೋಟೆ. ಕೆಂಪೇಗೌಡರದು ಮಣ್ಣಿನ ಕೋಟೆ. ಹೈದರಾಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ ಮಾತ್ರ. ಹೊರಗೋಡೆಯಲ್ಲಿ ಬ್ರಿಟಿಷರು ಹಾಕಿಸಿದ ಒಂದು ಫಲಕ ಇದೆ, 1791ರ ಮಾರ್ಚ್ 21ರಂದು ಇಲ್ಲಿಂದಲೇ ಕೋಟೆ ಒಡೆದು ನುಗ್ಗಿದೆವು ಅಂತ. ಗೆದ್ದವರು ಹಾಕಿಸಿದ ಬೋರ್ಡು, ಸೋತವರ ಊರಿನಲ್ಲಿ, ಬಸ್ಸಿನ ಹೊಗೆ ಕುಡಿಯುತ್ತಾ ನಿಂತಿದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಇದು ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಹದಿನೈದು ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡವರಿಗೆ ಇಪ್ಪತ್ತು ಇಪ್ಪತ್ತೈದು. ಒಳಗೆ ವಸ್ತುಗಳು ಜಾಸ್ತಿ ಇಲ್ಲ. ತೇಗದ ಕಂಬಗಳು, ಮೇಲಿನ ಬಾಲ್ಕನಿ, ಮಾಸಿದ ಬಣ್ಣ. 1868ರಲ್ಲಿ ಈಗ ಹೈಕೋರ್ಟ್ ಇರುವ ಅಠಾರ ಕಚೇರಿ ಕಟ್ಟಡಕ್ಕೆ ಹೋಗುವವರೆಗೆ ಸರ್ಕಾರದ ಸಚಿವಾಲಯ ನಡೆದದ್ದು ಇಲ್ಲೇ. ನಾನು ಇದೆಲ್ಲ ಹೇಳುತ್ತಿದ್ದರೆ ಅವಳು ಕಂಬದ ನೆರಳಿನಲ್ಲಿ ಮಲಗಿದ್ದ ಬೆಕ್ಕಿನ ಫೋಟೋ ತೆಗೆಯುತ್ತಿದ್ದಳು. ಸಾಕು ಅಂದಳು. ಎದ್ದು ಬಂದೆವು.

ಬಂದದ್ದು ಅವೆನ್ಯೂ ರಸ್ತೆಗೆ. ಅಲ್ಲಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಅವಳಿಗೆ ಒಂದು ಆಟ ಇದೆ. ನೂರು ರೂಪಾಯಿಗೆ ಎಷ್ಟು ಪುಸ್ತಕ? ಅಂಗಡಿಯವರು ಅವಳನ್ನು ನೋಡಿ ಗೈಡು, ಕ್ವಶ್ಚನ್ ಬ್ಯಾಂಕು ಮುಂದೆ ಹಾಕುತ್ತಾರೆ. ಎಂಟನೇ ಕ್ಲಾಸಿನ ಹುಡುಗಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವಳು ಬಗ್ಗಿ, ಅಡಿಯಲ್ಲಿ ಸಿಕ್ಕಿಕೊಂಡಿರುವುದನ್ನೇ ಎಳೆಯುತ್ತಾಳೆ. ಚೌಕಾಸಿ ಅವಳದ್ದೇ. ನಾನು ನಾಲ್ಕು ಹೆಜ್ಜೆ ದೂರ, ಪರಿಚಯವೇ ಇಲ್ಲದವನ ಹಾಗೆ ನಿಲ್ಲಬೇಕು ಅಂತ ಆರ್ಡರ್ ಆಗಿದೆ. ಮೊದಲ ಸಲ ನಾಲಿಗೆ ತೊದಲಿತ್ತು. ಈಗ "ಈ ಪುಟ ಹರಿದಿದೆ ನೋಡಿ ಅಂಕಲ್, ಮೂವತ್ತು ಮಾಡ್ಕೊಳ್ಳಿ" ಅನ್ನುವಷ್ಟು ಆಗಿದ್ದಾಳೆ. ಅಪರಿಚಿತರ ಜೊತೆ ನೇರವಾಗಿ ಮಾತಾಡಿ ಒಂದು ವ್ಯವಹಾರ ಮುಗಿಸುವುದನ್ನು ಈಗಿನ ಮಕ್ಕಳು ಎಲ್ಲಿ ಕಲಿಯಬೇಕು ಹೇಳಿ. ಎಲ್ಲವೂ ಆ್ಯಪ್‌ನಲ್ಲಿ ಬರುತ್ತದೆ, ಬೆಲ್ ಒತ್ತಿ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ.

ಲಾಲ್‌ಬಾಗ್ ಬಗ್ಗೆ ಎಲ್ಲರಿಗೂ ಗೊತ್ತು, ಜಾಸ್ತಿ ಬರೆಯಲ್ಲ. ಗಾಜಿನ ಮನೆ, ಫಲಪುಷ್ಪ ಪ್ರದರ್ಶನದ ನೂಕುನುಗ್ಗಲು ನಮಗೆ ಬೇಡ. ನಾವು ಹೋಗುವುದು ಬಂಡೆಗೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕವೂ ಇದೆ. ಸಂಜೆ ಬಿಸಿಲು ಇಳಿದ ಮೇಲೆ ಮೇಲೆ ಹತ್ತಿ ಕೆಂಪೇಗೌಡ ಗೋಪುರದ ಹತ್ತಿರ ಕೂತರೆ ಬಂಡೆ ಇನ್ನೂ ಬೆಚ್ಚಗಿರುತ್ತದೆ. ಕಡಲೆಕಾಯಿ ಪೊಟ್ಟಣ ಒಂದಿದ್ದರೆ ಮುಗಿಯಿತು. ಈ ಗೋಪುರ ಒಂದು ಕಾಲಕ್ಕೆ ಊರಿನ ಗಡಿಯ ಗುರುತು ಅಂತ ಹೇಳುತ್ತಾರೆ. ಇಂಥದ್ದೇ ಇನ್ನೊಂದು ಕೆಂಪಾಂಬುಧಿ ಕೆರೆಯ ಹತ್ತಿರ, ಮತ್ತೊಂದು ಹಲಸೂರಿನಲ್ಲಿ, ಮತ್ತೊಂದು ಮೇಖ್ರಿ ಸರ್ಕಲ್ ಬಳಿ. ಬಂಡೆಯ ಮೇಲೆ ಕೂತು ಅವಳು ಕೇಳಿದ್ದು, "ಹಾಗಾದ್ರೆ ನಮ್ಮನೆ ಊರಾಚೆ ಕಾಡಲ್ಲಿ ಇತ್ತಾ?" ಹೌದು ಅಂದೆ. "ಮತ್ತೆ ಬಾಡಿಗೆ ಯಾಕೆ ಇಷ್ಟು?" ಅಂದಳು.

ಎಲ್ಲ ಜಾಗವೂ ಹೀಗೆ ಗೆಲ್ಲುವುದಿಲ್ಲ. ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಚಿತ್ರಗಳ ಮುಂದೆ ಅವಳು ಕಳೆದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆಮೇಲೆ ಗ್ಯಾಲರಿ ಇರುವ ಆ ಮಾಣಿಕ್ಯವೇಲು ಬಂಗಲೆಯ ದೊಡ್ಡ ಮರಗಳ ಕೆಳಗೆ ಕೂತು ಸಂಜೆವರೆಗೂ ತನ್ನ ಪುಸ್ತಕ ಓದಿದಳು. ಅದು ಸೋಲು ಅಂತ ನನಗೆ ಅನ್ನಿಸಲಿಲ್ಲ. ನನ್ನ ಟಿಕೆಟ್ಟಿಗೆ ಕೊಟ್ಟ ಇಪ್ಪತ್ತು ರೂಪಾಯಿಗೆ ಬೆಂಗಳೂರಿನ ನಡುಮಧ್ಯೆ ಒಂದು ಮಧ್ಯಾಹ್ನದ ನೆರಳು ಸಿಕ್ಕಿತು. ಸೈನ್ಸ್ ಗ್ಯಾಲರಿ ಬೆಂಗಳೂರು ಅಂತ ಬಳ್ಳಾರಿ ರಸ್ತೆಯಲ್ಲಿ 2024ರಲ್ಲಿ ಬಾಗಿಲು ತೆರೆದದ್ದು ಇದೆ, ಪ್ರವೇಶ ಉಚಿತ. ಅದು ನಿಜ ಹೇಳಬೇಕೆಂದರೆ ಸ್ವಲ್ಪ ದೊಡ್ಡ ಮಕ್ಕಳಿಗೆ, ಕಾಲೇಜಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೂ ಅಲ್ಲಿ ವಿವರಿಸಲು ನಿಂತಿರುವ ಹುಡುಗ ಹುಡುಗಿಯರು ಮಕ್ಕಳನ್ನು ಮಕ್ಕಳ ಹಾಗೆ ಮಾತಾಡಿಸುವುದಿಲ್ಲ. ಅದು ಅವಳಿಗೆ ಹಿಡಿಸಿತು.

ಊಟ ತಿಂಡಿಯ ಮಾತು ಬಿಡುವ ಹಾಗಿಲ್ಲ. ನಿಂತು ತಿನ್ನುವ ದರ್ಶಿನಿಗಳು ಇರುವವರೆಗೆ ಬೆಂಗಳೂರಿನಲ್ಲಿ ತಿರುಗುವವರು ಹಸಿದುಕೊಂಡು ಇರಬೇಕಾಗಿಲ್ಲ. ಒಂದು ಪ್ಲೇಟ್ ಇಡ್ಲಿ ವಡೆ, ಒಂದು ಖಾರಾಬಾತ್, ಬೈಟು ಕಾಫಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆ ಅವಳಿಗೆ ಇಷ್ಟ, ಕ್ಯೂ ಇಷ್ಟವಿಲ್ಲ. ಹಾಗಾಗಿ ಅದು ಹುಟ್ಟುಹಬ್ಬಕ್ಕೆ ಮಾತ್ರ. ಸಂಜೆಯಾದರೆ ವಿ.ವಿ. ಪುರದ ತಿಂಡಿ ಬೀದಿ, ಜನವರಿಯಲ್ಲಿ ಅವರೆಬೇಳೆಯದೇ ದರ್ಬಾರು. ಅಲ್ಲಿ ಮಾತ್ರ ಖಜಾಂಚಿಯ ಕೈ ಸಡಿಲ ಆಗುತ್ತದೆ, ಹುಷಾರಾಗಿರಬೇಕು.

ಒಂದು ಸಲ ಇಂದಿರಾ ಕ್ಯಾಂಟೀನಿನಲ್ಲಿ ಊಟ ಮಾಡೋಣ ಅಂತ ಅವಳೇ ಹಟ ಹಿಡಿದಳು. 2017ರಲ್ಲಿ ಶುರುವಾದಾಗಿನಿಂದ ಅಲ್ಲಿ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ನನಗೆ ಹಿಂಜರಿಕೆ ಇತ್ತು, ಬೇರೆಯವರಿಗೆ ಸಿಗಬೇಕಾದದ್ದನ್ನು ನಾವು ತಿಂದ ಹಾಗಾಗುತ್ತದಲ್ಲ ಅಂತ. ಕ್ಯೂ ಚಿಕ್ಕದಿತ್ತು, ಹೋದೆವು. ಆಟೋದವರು, ಸೆಕ್ಯೂರಿಟಿ ಕೆಲಸದವರು, ಬ್ಯಾಗ್ ತಗುಲಿಸಿಕೊಂಡ ಕಾಲೇಜು ಹುಡುಗರು. ಅನ್ನ, ಸಾಂಬಾರು, ಮೊಸರನ್ನ. ಯಾರೂ ನಮ್ಮನ್ನು ನೋಡಲಿಲ್ಲ. ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದಳು. ಮನೆಯಲ್ಲಿ ಅವಳು ಮೊಸರನ್ನ ಮುಟ್ಟುವುದಿಲ್ಲ.

ವರ್ಷಕ್ಕೊಮ್ಮೆ ಬರುವಂಥವೂ ಇವೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ವರ್ಷದ ಶುರುವಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಓಪನ್ ಡೇ, ಜನ ಜಾತ್ರೆ, ಬೆಳಿಗ್ಗೆಯೇ ಹೋಗಿಬಿಡಬೇಕು. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಬಟ್ಟೆ ಚೀಲ ಮರೆಯಬೇಡಿ. ಸೇರಿನಲ್ಲಿ ಅಳೆಯುವುದನ್ನು ಮಕ್ಕಳು ನೋಡುವುದು ಈಗ ಅಲ್ಲೇ ಇರಬೇಕು. ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ, ಪ್ರವೇಶ ಉಚಿತ. ಹೋರಿ, ಟಗರು, ಟ್ರ್ಯಾಕ್ಟರು, ಮುದ್ದೆ ಊಟ. ಊರಿನ ಕಡೆ ನಂಟು ಕಡಿದುಹೋದ ನಮ್ಮಂಥವರ ಮಕ್ಕಳಿಗೆ ರಾಗಿ ತೆನೆ ಹೇಗಿರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಲು ಸಿಗುವ ಜಾಗ ಅದು.

ಸಂಜೆ ನಾಟಕ ನೋಡುವ ಯೋಚನೆ ಇದ್ದರೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ. ಮೂರು ನೂರರ ಬಜೆಟ್ಟು ಆ ದಿನ ಸ್ವಲ್ಪ ದಾಟುತ್ತದೆ. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಮನೆ ಬಿಡುವಾಗ ಕನ್ನಡಿ ಮುಂದೆ ಅರ್ಧ ಗಂಟೆ ಕಳೆಯುವ ಮಕ್ಕಳಿಗೆ ನಾವು ನೂರು ಸಲ ಹೇಳಿದರೂ ಆಗದ್ದು ಆ ಬಾಗಿಲಿಂದ ಆಗುತ್ತದೆ. ಎದ್ದು ಬರುವ ಹಕ್ಕು ಇಲ್ಲಿ ಮಾತ್ರ ಇಲ್ಲ. ನಡುವೆ ಎದ್ದರೆ ನಟರಿಗೆ ಅವಮಾನ ಅಂತ ಅವಳೇ ಅದನ್ನು ಬಿಟ್ಟುಕೊಟ್ಟಿದ್ದಾಳೆ.

ಈ ನಡುವೆ ಅವಳು ಇಬ್ಬರು ಗೆಳತಿಯರನ್ನು ಕಾಳಿಯ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರಲ್ಲಿ ಒಬ್ಬಳ ಚಿಕ್ಕಮ್ಮ ಜೊತೆಗಿದ್ದರು. ನಾನು ಬರುವ ಹಾಗಿರಲಿಲ್ಲ. ಬಸ್ ನಂಬರ್ ಎಲ್ಲ ಅವಳೇ ಬರೆದುಕೊಂಡಿದ್ದಳು. ಗೆಳತಿಯರಿಗೆ ಕಲ್ಲು ಹತ್ತೇ ನಿಮಿಷಕ್ಕೆ ಸಾಕಾಯಿತಂತೆ. ಎದ್ದು ಕಬ್ಬನ್ ಪಾರ್ಕಿಗೆ ಹೋಗಿ, ಮಾವಿನಕಾಯಿಗೆ ಉಪ್ಪು ಖಾರ ಹಾಕಿಸಿಕೊಂಡು ತಿಂದು, ನೂರೆಂಟು ಸೆಲ್ಫಿ ತೆಗೆದುಕೊಂಡು ಬಂದರಂತೆ. ಮುಂದಿನ ಸಲ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ನನ್ನನ್ನು ಕೇಳಿದಳು. ಹೂವಿನ ಮಾರುಕಟ್ಟೆ ಅಂದೆ. ಬೆಳಿಗ್ಗೆ ಆರಕ್ಕೆ ಅವರ್ಯಾರೂ ಏಳಲ್ಲವಂತೆ. ಯಾರಾದರೂ ಒಬ್ಬರ ಮನೆಯಲ್ಲಿ ಹಿಂದಿನ ದಿನವೇ ಎಲ್ಲರೂ ಉಳಿದುಕೊಂಡರೆ ಆಗಬಹುದು ಅನ್ನುವ ಮಾತು ನಡೆಯುತ್ತಿದೆ. ಆ ಮನೆ ನಮ್ಮದೇ ಆಗುವ ಲಕ್ಷಣ ಕಾಣುತ್ತಿದೆ.